ಬಾವುಟದ ರಾಜನ ಮೂಗು

ನಂಜನಗೂಡಿನ ಪೇಟೆಬೀದಿಯಲ್ಲಿ ನಮ್ಮಪ್ಪನದು ಚಿನಿವಾರ ಅಂಗಡಿ. ಚಿನ್ನ ಬೆಳ್ಳಿಯನ್ನು ಒರೆಗಲ್ಲಿಗೆ ಹಚ್ಚಿ ನೋಡಿ ಕೊಳ್ಳುವುದು, ಮಾರುವುದು, ಊರಿಗೆ ಬಂದವರಿಗೆ ನಾಣ್ಯ ಬದಲಾಯಿಸಿ ಕೊಡುವುದು ಕಸುಬು. ಅಂಥ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಒಡವೆಯ ಆಸೆ ಇದ್ದೇ ಇರುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನನಗೆ ಅದಿರಲಿಲ್ಲ. ಬಳೆ ಬೇಡ, ಬುಗುಡಿ ಬೇಡ, ಅಡ್ಡಿಕೆ ಬೇಡ. ನನ್ನ ಹುಚ್ಚೆಲ್ಲ ಯೂರೋಪಿನ ಚಿನ್ನದ ನಾಣ್ಯಗಳದು.

ಅದರಲ್ಲೂ ಎಲ್ಲವೂ ಅಲ್ಲ. ಇಂಗ್ಲಿಷ್ ರಾಜರ ಸವರನ್ ನಾಣ್ಯ ನಮ್ಮಂಗಡಿಯಲ್ಲಿ ಹುಣಸೆಬೀಜದ ಹಾಗೆ ಬಿದ್ದಿರುತ್ತಿತ್ತು. ಅದನ್ನು ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ ಅಚ್ಚಾದ ನಾಣ್ಯ. ಯುದ್ಧವಾದ ಮೇಲೆ ಆ ಕಡೆಯ ದೇಶಗಳಲ್ಲೆಲ್ಲ ಕಾಗದದ ನೋಟಿನದೇ ದರಬಾರು, ಚಿನ್ನದ ನಾಣ್ಯಕ್ಕೆ ಅಚ್ಚು ಹಾಕುವವರೇ ಕಡಿಮೆ ಎಂದು ಅಪ್ಪ ಹೇಳುತ್ತಿದ್ದರು. ಸಿಗದೇ ಇರುವುದರ ಮೇಲೇ ತಾನೆ ಆಸೆ! ನಮ್ಮೂರು ಊಟಿ ರಸ್ತೆಯಲ್ಲಿ ಇರುವುದೇ ನನ್ನ ಪುಣ್ಯ. ಬೇಸಿಗೆ ಬಂತೆಂದರೆ ದೊರೆಗಳು, ದೊರೆಸಾನಿಯರು ಮೋಟಾರಿನಲ್ಲಿ ಬೆಟ್ಟಕ್ಕೆ ಹೊರಡುವರು. ಅವರಲ್ಲಿ ಒಬ್ಬಿಬ್ಬರಿಗೆ ನಂಜನಗೂಡಿನಲ್ಲೇ ರೂಪಾಯಿ ತೀರಿಹೋಗುವುದು. ಮೈಸೂರಿನ ವರ್ತಕರೂ ನನ್ನ ಹುಚ್ಚು ಕೇಳಿ, ವಿಚಿತ್ರ ನಾಣ್ಯ ಕೈಗೆ ಬಂದರೆ ಅಪ್ಪನಿಗೆ ಹೇಳಿ ಕಳಿಸುವರು. ಅಪ್ಪನೂ ಒಬ್ಬಳೇ ಮಗಳೆಂದು ತಲೆ ಮೇಲೆ ಕೂರಿಸಿಕೊಂಡಿದ್ದರು.

ಹಾಗೆ ಬಂದವಳು ಸ್ವಿಟ್ಜರ್ಲೆಂಡಿನ ಜಡೆಯ ಹುಡುಗಿ. ತಲೆಗೆ ಜಡೆ ಸುತ್ತಿಕೊಂಡು, ಹೂವಿನ ಮಾಲೆ ಹಾಕಿಕೊಂಡು, ನಾಣ್ಯದ ಮೇಲೆ ಬೆಟ್ಟದ ಮುಂದೆ ನಿಂತಿದ್ದಳು. ನಮ್ಮವ್ವ ಅವಳನ್ನು ಬೆಳಕಿಗೆ ಹಿಡಿದು, "ಹಣೆಗೆ ಒಸಿ ಈಬತ್ತಿ ಇಟ್ರೆ ನಮ್ಮೂರ ಕಡೆ ಹುಡುಗಿ ಥರಾನೇ ಅವ್ಳೆ ನೋಡು" ಅಂದಿದ್ದಳು. ಆಮೇಲೆ ತುಪ್ಪಳದ ನಿಲುವಂಗಿ ಹೊದ್ದ ಹಾಲೆಂಡಿನ ರಾಣಿ ಬಂದಳು. ಗಿಡ್ಡ ಕೂದಲಿನ ಡೆನ್ಮಾರ್ಕಿನ ರಾಜ ಬಂದ. ಅವರಿಗೆಲ್ಲ ಮನೆ ಎಂದರೆ ಅಪ್ಪನ ಹಳೆಯ ತಕ್ಕಡಿ ಪೆಟ್ಟಿಗೆ. ಬೀಟೆ ಮರದ ಆ ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳನ್ನು ಇಡಲು ದುಂಡಗೆ ಕೊರೆದ ಗುಳಿಗಳಿದ್ದವು. ಬಟ್ಟುಗಳನ್ನು ತೆಗೆದು ಒಂದೊಂದು ಗುಳಿಯಲ್ಲಿ ಒಬ್ಬೊಬ್ಬರನ್ನು ಕೂರಿಸಿದ್ದೆ.

ಅಪ್ಪನ ಕಟ್ಟಪ್ಪಣೆ ಇತ್ತು. "ಮುಟ್ಟಿದರೆ ಅಂಚು ಮುಟ್ಟು ಮಗಾ, ಮುಖ ಮುಟ್ಟಬೇಡ. ಹುಣಸೇಹಣ್ಣು ಹಾಕಿ ತೊಳೀಬೇಡ. ಯಾರು ಎಷ್ಟೇ ಹೇಳಲಿ, ಕೊಂಡಿ ಬೆಸೆಯಿಸಬೇಡ. ಕೊಂಡಿ ಹಾಕಿದರೆ ಅದು ಒಡವೆ, ನಾಣ್ಯ ಸತ್ತಹಾಗೆ." ಈ ಮಾತನ್ನು ನಾನು ಮಂತ್ರದ ಹಾಗೆ ಪಾಲಿಸಿದೆ.

ನನ್ನ ಪೆಟ್ಟಿಗೆಯ ಕಿರೀಟ ಬಂದದ್ದು ಒಂದು ಬೇಸಿಗೆಯಲ್ಲಿ, ರಸಬಾಳೆ ಹಣ್ಣಿನ ದೆಸೆಯಿಂದ. ಮೈಸೂರಿಗೆ ಯಂತ್ರ ಜೋಡಿಸಲು ಬಂದಿದ್ದ ಯಾವನೋ ಎಂಜಿನಿಯರು ಊಟಿಗೆ ಹೋಗುವಾಗ ನಮ್ಮ ಬೀದಿಯಲ್ಲಿ ಮೋಟಾರು ನಿಲ್ಲಿಸಿದ್ದಾನೆ. ನಮ್ಮೂರ ರಸಬಾಳೆ ಬಾಯಿಗಿಟ್ಟವನು ಒಂದಕ್ಕೆ ನಿಲ್ಲಿಸುತ್ತಾನೆಯೇ? ಚಿಪ್ಪು ಮುಗಿದ ಮೇಲೆ ಜೇಬು ತಡವಿದರೆ ಚಿಲ್ಲರೆ ಇಲ್ಲ. ಹಣ್ಣಿನವಳು ಬಿಡುತ್ತಾಳೆಯೇ! ಅಂಗಿಯ ತೋಳು ಹಿಡಿದು ಸೀದಾ ನಮ್ಮ ಅಂಗಡಿಗೇ ಎಳೆದು ತಂದಳು. ಆತ ನಕ್ಕೊಂಡೇ ಬಂದು, ಗಡಿಯಾರದ ಜೇಬಿನಿಂದ ಒಂದು ಪುಟ್ಟ ಚಿನ್ನದ ನಾಣ್ಯ ತೆಗೆದು ಅಪ್ಪನ ಮುಂದಿಟ್ಟ.

ಅಪ್ಪ ಅದರ ಅಂಚನ್ನು ಮಾತ್ರ ಒರೆಗಲ್ಲಿಗೆ ಸೋಕಿಸಿ ಗೆರೆ ಎಳೆದರು, ದ್ರಾವಕದ ಹನಿ ಬಿಟ್ಟರು. ಗೆರೆ ಕರಗಲಿಲ್ಲ. ಅಪ್ಪನ ಹುಬ್ಬು ಹಣೆಗೆ ಏರಿತು. "ಅಪರಂಜಿ ಕಣಮ್ಮ ಇದು! ಸವರನ್ನಿನಲ್ಲೂ ತಾಮ್ರ ಉಂಟು. ಇದರಲ್ಲಿ ಹುಡುಕಿದರೂ ಇಲ್ಲ" ಎಂದರು. ನಾನು ಭೂತಗನ್ನಡಿ ಹಿಡಿದು ಬಗ್ಗಿದೆ. ಒಬ್ಬ ರಾಜ, ಸಂತನೂ ಹೌದಂತೆ, ಕೈಯಲ್ಲಿ ಬಾವುಟ ಹಿಡಿದು ನನ್ನನ್ನೇ ನೋಡುತ್ತಿದ್ದ. ಉಳಿದ ನಾಣ್ಯದವರೆಲ್ಲ ಪಕ್ಕಕ್ಕೆ ಮುಖ ತಿರುಗಿಸಿ ಬಿಂಕ ಮಾಡುವವರು. ಇವನೊಬ್ಬ ಎದುರಿಗೆ ನೋಡುವವನು. ಪುಟ್ಟ ನೇರ ಮೂಗು, ಮೆತ್ತಗಿನ ಗಡ್ಡ. ನಾಣ್ಯದ ಬೆನ್ನಿಗೆ ಸಿಂಹ. ಸುತ್ತ ಏನೋ ಬರೆದಿತ್ತು, ನಮ್ಮಲ್ಲಿ ಯಾರಿಗೂ ಓದಲು ಬರಲಿಲ್ಲ. ಈ ನಾಣ್ಯದ ಹೆಸರು ಡ್ಯುಕಾಟು, ತನ್ನ ದೇಶ ಚೆಕೊಸ್ಲೊವಾಕಿಯಾ ಎಂದು ಆತ ಹೇಳಿದ. ಅಪ್ಪನಿಗೆ ಆ ಹೆಸರು ಕೊನೆಗೂ ನಾಲಿಗೆಯ ಮೇಲೆ ಹೊರಳಲಿಲ್ಲ. "ಬಾವುಟದ ರಾಜ" ಎಂದು ಕರೆದರು. ಅದೇ ಹೆಸರು ನಿಂತಿತು.

ಮಾರನೆಯ ದಿನ ಶಾಲೆಯಲ್ಲಿ ಎದ್ದು ನಿಂತು ಆ ದೇಶ ಎಲ್ಲಿದೆ ಎಂದು ಕೇಳಿದೆ. ಗೋಡೆಯ ಭೂಪಟ ಯುದ್ಧಕ್ಕೆ ಮುಂಚಿನದು. ಮೇಷ್ಟ್ರು ಕೋಲಿನಿಂದ ಯೂರೋಪನ್ನೆಲ್ಲ ಸವರಿ, "ಅಂಥ ದೇಶ ಇಲ್ಲ, ಕೂತ್ಕೋ" ಎಂದರು. ನಾನು ಕೂರುವ ಪೈಕಿಯೇ? "ಇಲ್ಲದ ದೇಶದ ನಾಣ್ಯ ನನ್ನ ಹತ್ತಿರ ಹೇಗೆ ಬಂತು ಸಾ?" ಎಂದು ಗಂಟಲು ಏರಿಸಿದೆ. ಪಕ್ಕದ ತರಗತಿಯವರು ಬಾಗಿಲಿಗೆ ಬಂದು ನಿಂತರು. ಮೇಷ್ಟ್ರು ಒಳ್ಳೆಯವರು, ಪೇಪರು ನೋಡಿ ವಿಚಾರಿಸಿಕೊಂಡು ಬಂದು, ಆ ವಾರವೇ ಭೂಪಟದಲ್ಲಿ ಪೆನ್ಸಿಲಿನಿಂದ ಒಂದು ಉದ್ದನೆಯ ದೇಶ ಬರೆದು, ಹೆಸರಿಡುವ ಕೆಲಸ ನನಗೇ ಕೊಟ್ಟರು. ಅವತ್ತು ನಾನು ನೆಲದ ಮೇಲೆ ನಡೆದು ಮನೆಗೆ ಹೋಗಲಿಲ್ಲ.

ನನ್ನನ್ನು ಕೊಟ್ಟದ್ದು ತಿರುಮಕೂಡಲು ನರಸೀಪುರಕ್ಕೆ, ಗದ್ದೆ ತೋಟ ಇದ್ದ ಒಕ್ಕಲು ಮನೆಗೆ. ಮಾತುಕತೆಯ ದಿನ ಹಜಾರದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು, "ಹುಡುಗೀ ತಾವ ಚಿನ್ನದ ಕಾಸು ಅವಂತಲ್ಲ, ಕೊಂಡಿ ಬೆಸ್ಸಿ ಕಾಸಿನ ಸರ ಮಾಡ್ಸಿಬುಡಿ, ಕುತ್ಗೆಗೆ ಲಕ್ಷಣವಾಗಿರ್ತದೆ" ಎಂದರು. ಒಳಗಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಯ ಹೆಣ್ಣು ಎನ್ನುವುದನ್ನೂ ಮರೆತು, "ಕೊಂಡಿ ಹಾಕಿದರೆ ನಾನು ಹಸೆಮಣೆ ಮೇಲೆ ಕೂರೋದೇ ಇಲ್ಲ!" ಎಂದು ಕೂಗಿದೆ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಆಗ ಗಂಡಿನ ತಾಯಿಯ ದನಿ ಕೇಳಿತು: "ಗಂಟ್ಲು ಗಟ್ಟಿಯಾಗದೆ, ಬುಡಿ. ನಮ್ಮ ಗದ್ದೇಲಿ ಗಿಳಿ ಓಡ್ಸಾಕೆ ಬೇರೆ ಆಳೇ ಬ್ಯಾಡ." ಎಲ್ಲರೂ ಗೊಳ್ಳೆಂದು ನಕ್ಕರು. ನಾಣ್ಯಗಳು ಕೊಂಡಿ ಇಲ್ಲದೆ, ನಾನು ಕಾಸಿನ ಸರವಿಲ್ಲದೆ, ಪೆಟ್ಟಿಗೆಯ ಸಮೇತ ನರಸೀಪುರಕ್ಕೆ ಹೋದೆವು.

ನಮ್ಮತ್ತೆ ಎತ್ತರದ ಹೆಂಗಸು, ಮಾತು ಇನ್ನೂ ಎತ್ತರ. ಅವರಿಗೆ ನನ್ನ ಪೆಟ್ಟಿಗೆ, ಸದಾ ನನ್ನ ಸೆರಗಿನ ಗಂಟಿನಲ್ಲಿರುತ್ತಿದ್ದ ಅದರ ಬೀಗದ ಕೈ, ಎರಡೂ ಒಗಟು. "ಇಕ್ಕೊಳ್ಳಂಗಿಲ್ಲ, ಮಾರಂಗಿಲ್ಲ, ಪೂಜೆಗೂ ಇಡಂಗಿಲ್ಲ. ಇನ್ನೇನ್ಗವ್ವಾ ಇವು?" ಎಂದು ಕೇಳುವರು. "ನೋಡೋಕೆ ಅತ್ತೆ" ಎನ್ನುವೆ. "ನೋಡಾಕೆ ಒಳೆ ಅದಲ್ಲ" ಎಂದು ಅವರು ಎದುರಿನ ಕಪಿಲೆ ಹೊಳೆಯನ್ನು ತೋರಿಸುವರು. ಅವರಿಗೆ ಬುದ್ಧಿ ಹೇಳಬೇಕೆಂದು ಒಂದು ದಿನ ಪೆಟ್ಟಿಗೆಯಲ್ಲಿದ್ದವರನ್ನೆಲ್ಲ ಮಡಿಬಟ್ಟೆಯ ಮೇಲೆ ಸಾಲಾಗಿ ಕೂರಿಸಿ ಪರಿಚಯ ಮಾಡಿಸಿದೆ. ಬಾವುಟದ ರಾಜನ ಸರದಿ ಬಂದಾಗ ಎದೆಯುಬ್ಬಿಸಿ, "ಈ ಮನೆಯಲ್ಲಿರೋ ಚಿನ್ನದಲ್ಲಿ ಅಪರಂಜಿ ಅಂದರೆ ಇದೊಂದೇ ಅತ್ತೆ. ನಿಮ್ಮ ಕಡಗದಲ್ಲೂ ತಾಮ್ರ ಇದೆ, ನನ್ನ ತಾಳಿಯಲ್ಲೂ ತಾಮ್ರ ಇದೆ" ಎಂದೆ. ಅತ್ತೆ ಹೂಂಗುಟ್ಟಿದರು. ಒಂದು ಸಲ ಕೇಳಿದ್ದನ್ನು ಅವರು ಮರೆಯುವವರಲ್ಲ.

ಚೊಚ್ಚಲ ಬಸಿರಿಯನ್ನು ತವರಿಗೆ ಕರೆದುಕೊಂಡು ಹೋಗಲು ಅಪ್ಪ ಗಾಡಿ ಗೊತ್ತು ಮಾಡಿದ್ದರು. ಅಷ್ಟರಲ್ಲಿ ಮಳೆ ಹಿಡಿಯಿತು. ಊರಿನಲ್ಲಿ ಕೂಡುವ ಎರಡು ಹೊಳೆಯೂ ಒಟ್ಟಿಗೆ ತುಂಬಿ, ದಾರಿಯ ಹಳ್ಳಗಳೆಲ್ಲ ಕಟ್ಟಿಕೊಂಡು, ಗಾಡಿ ಬರುವ ಹಾಗಿಲ್ಲ, ಹೋಗುವ ಹಾಗಿಲ್ಲ. ನೀರು ಇಳಿಯಲಿ ಎಂದು ಕಾದೆವು. ನನ್ನ ಹೊಟ್ಟೆಯಲ್ಲಿದ್ದುದು ಕಾಯಲಿಲ್ಲ. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ಸೂಲಗಿತ್ತಿಯನ್ನು ಕರೆಸಬೇಕಾಯಿತು, ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು.

ಕೂಸು ಅಂಗೈಯಗಲ ಇತ್ತು. ಬೆನ್ನು ತಟ್ಟಿದರೆ ಬೆಕ್ಕಿನ ಮರಿಯ ಹಾಗೆ ಒಂದು ಸಲ ಕುಂಯ್ ಎಂದು ಸುಮ್ಮನಾಯಿತು. ಮೊಲೆಗೆ ಹಿಡಿದರೆ ಬಾಯಿ ತೆರೆಯದು. ಮತ್ತೆ ಹಿಡಿದೆ, ಮತ್ತೆ ಹಿಡಿದೆ. ತುಟಿಗೆ ಹಾಲು ಹಿಂಡಿದರೆ ಕೆನ್ನೆಯ ಮೇಲೆ ಹರಿದುಹೋಯಿತು. ಸೂಲಗಿತ್ತಿ ಕೂಸಿನ ಅಂಗಾಲು ಉಜ್ಜುತ್ತಲೇ ಇದ್ದಳು. ಹುಟ್ಟಿ ಇನ್ನೂ ಸೂರ್ಯ ಮುಳುಗಿಲ್ಲ, ಇದು ನನ್ನನ್ನು ಬಿಟ್ಟು ಹೋಗಿಬಿಡುತ್ತದೆ ಎಂದು ನಾನು ಹೆದರಿ ಕಲ್ಲಾಗಿ ಕೂತೆ. ಅತ್ತೆ ಒಂದು ಗಳಿಗೆ ಕೂಸನ್ನು ನೋಡಿದರು. ನನ್ನ ಸೆರಗಿನ ತುದಿಯ ಗಂಟು ಬಿಚ್ಚಿ ಏನೋ ತೆಗೆದುಕೊಂಡು ಎದ್ದು ಹೋದರು. ನನಗೆ ಅದರ ಕಡೆ ಗಮನವೇ ಇಲ್ಲ.

ಪಡಸಾಲೆಯಲ್ಲಿ ಸಾಣೆಕಲ್ಲಿನ ಮೇಲೆ ಸರ್ ಸರ್ ಎಂದು ತೇಯುವ ಸದ್ದು ಕೇಳಿತು. ಬಜೆಯೋ ಜಾಯಿಕಾಯಿಯೋ ಇರಬೇಕು ಅಂದುಕೊಂಡೆ. ಅತ್ತೆ ಬೆರಳ ತುದಿಯಲ್ಲಿ ಜೇನುತುಪ್ಪ ತಂದು, "ನೆಕ್ಕು ನನ್ನವ್ವ, ನೆಕ್ಕು" ಎಂದು ಕೂಸಿನ ತುಟಿಗೆ ಸವರಿದರು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತುಟಿ ಅಲುಗಿತು. ಅಕ್ಕಿಕಾಳಿನಷ್ಟು ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು, ಇನ್ನೂ ಬೇಕು ಎಂದು ಮತ್ತೆ ಹೊರಗೆ ಬಂತು! ಅಯ್ಯೋ, ನನಗಾದ ಸಂತೋಷವನ್ನು ಹೇಗೆ ಹೇಳಲಿ! ಅಳುತ್ತಾ ನಗುತ್ತಾ, "ಏನು ತೇಯ್ದಿರಿ ಅತ್ತೆ?" ಎಂದು ಕೇಳಿದೆ.

"ಚಿನ್ನ ಕಣವ್ವ. ಅಸುಗೂಸಿಗೆ ಜೇನ್ನಾಗೆ ಚಿನ್ನ ತೇದು ನೆಕ್ಕಿಸಾದು ನಮ್ಮ ಪದ್ಧತಿ ಅಲ್ವಾ."

"ಯಾವ ಚಿನ್ನ?"

"ನೀನೇ ಯೋಳಿದ್ಯಲ್ಲ. ಅಪರಂಜಿ ಅಂದ್ರೆ ಅದೊಂದೇ ಅಂತ. ತಾಮ್ರ ಬೆರ್ತಿರಾದ್ನ ಕೂಸಿಗೆ ನೆಕ್ಕಿಸಾಕಾಯ್ತದಾ?"

ಅತ್ತೆ ಸೊಂಟದಿಂದ ತೆಗೆದು ತೋರಿಸಿದರು. ನನ್ನ ಬಾವುಟದ ರಾಜ! ಮೈಯೆಲ್ಲ ಜೇನು, ಮುಖದ ತುಂಬಾ ಗೀರು. ಎದುರಿಗೆ ನೋಡುವವನಾದ್ದರಿಂದ ಎಲ್ಲಕ್ಕಿಂತ ಎತ್ತರದಲ್ಲಿದ್ದದ್ದು ಅವನ ಮೂಗು. ಕಲ್ಲು ಮೊದಲು ತಿಂದದ್ದು ಅದನ್ನೇ. ಆ ನೇರ ಮೂಗಿನ ಜಾಗದಲ್ಲಿ ನುಣ್ಣನೆಯ ಬಯಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬಾಣಂತಿ ಎನ್ನುವುದು ಮರೆತುಹೋಯಿತು, ಅತ್ತೆ ಎನ್ನುವುದು ಮರೆತುಹೋಯಿತು. "ಮುಖ ತೇಯ್ದುಬಿಟ್ಟಿರಲ್ಲಾ! ಅಂಚಿತ್ತು, ಬೆನ್ನಿತ್ತು, ಮುಖವೇ ಬೇಕಾಗಿತ್ತಾ ನಿಮಗೆ! ಯಾರೂ ಮುಟ್ಟದ ಮುಖ ಅದು, ಅಯ್ಯೋ ನನ್ನ ರಾಜನ ಮೂಗೇ!" ಎಂದು ಸೂರು ಹಾರುವಂತೆ ಕೂಗಿದೆ.

ಅತ್ತೆ ಬೆಪ್ಪಾಗಿ ನಾಣ್ಯವನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. "ಯಾಕವ್ವ, ಯಾರವ್ನು? ನಿಮ್ಮಪ್ಪನ ಕಡೇವ್ನಾ?"

ಅದಕ್ಕೆ ನಾನು ಇನ್ನೂ ಕೂಗಿದೆ. ಚಿನ್ನ ಸವೆಯಿತೆಂದು ನಾನು ಕೂಗುತ್ತಿದ್ದೇನೆ ಎಂದು ಅವರು ತಿಳಿದರು ಪಾಪ. ಕೈಯ ಕಡಗವನ್ನು ತಿರುಗಿಸಿ ತಿರುಗಿಸಿ ಕೀಳುತ್ತಾ, "ತಕ್ಕೋ, ಚಿನ್ನಕ್ಕೆ ಚಿನ್ನ ತಕ್ಕೋ, ಸುಮ್ಕಿರು" ಎಂದು ಬೇಡಿಕೊಂಡರು. ಅಷ್ಟರಲ್ಲಿ ನಮ್ಮನೆಯವರು ಗದ್ದೆಯಿಂದ ಬಂದವರು ನನ್ನ ಗಂಟಲು ಕೇಳಿ, ಕೂಸು ಹೋಯಿತೆಂದೇ ತಿಳಿದು, ಮೊಣಕಾಲುದ್ದ ಕೆಸರಿನಲ್ಲಿ ಬಾಣಂತಿ ಕೋಣೆಗೆ ನುಗ್ಗಿಬಿಟ್ಟರು. "ಏನಾಯ್ತು? ಏನಾಯ್ತು?" "ಮೂಗು ಹೋಯ್ತು!" ಎಂದೆ ನಾನು. ಅವರು ಗಾಬರಿಯಾಗಿ ಕೂಸಿನ ಮೂಗು ಮುಟ್ಟಿ ನೋಡಿದರು.

ಆಗ ಆಯಿತು ನೋಡಿ. ಈ ಗಲಾಟೆಗೋ, ಕೆಸರಿನ ತಣ್ಣನೆಯ ಬೆರಳಿಗೋ, ಚಿನ್ನದ ಗುಣಕ್ಕೋ ನನಗೆ ಗೊತ್ತಿಲ್ಲ. ಕೂಸು ಮುಖ ಕಿವುಚಿ, ಬಾಯಿ ಅಗಲಿಸಿ, ಮನೆ ಕಿತ್ತುಹೋಗುವ ಹಾಗೆ ಕಿರುಚಿತು. ನಾನು ಬಾಯಿ ಮುಚ್ಚಿದೆ. ಅದು ಮುಚ್ಚಲಿಲ್ಲ. ಅತ್ತೆ ಕಡಗವನ್ನು ನೆಲಕ್ಕೆ ಬಿಟ್ಟು, ಎರಡೂ ಕೈ ಮೇಲೆತ್ತಿ, "ಬಂತು ಕಣ್ಲಾ ಗಂಟ್ಲು! ಅವ್ವನ ಗಂಟ್ಲೇ ಬಂತು!" ಎಂದು ಕುಣಿದರು. ನಾನು ಕೂಸನ್ನು ಎದೆಗೆ ಹಿಡಿದೆ. ಕಚ್ಚಿಕೊಂಡಿತು, ಎಳೆಯಿತು, ಗುಟುಕ್ಕನೆ ನುಂಗಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎಲ್ಲರೂ ನಕ್ಕೆವು, ನಮ್ಮನೆಯವರು ಅತ್ತರು.

ಹಾಗೆಂದು ನನ್ನ ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಹಾಲು ಕೊಡುವುದು, ಅತ್ತೆಯನ್ನು ದುರುಗುಟ್ಟಿ ನೋಡುವುದು, ಎರಡೂ ಒಟ್ಟಿಗೇ ನಡೆದವು. ನೀರು ಇಳಿದ ಮೇಲೆ ಅಪ್ಪ ಬಂದರು. ಮೊಮ್ಮಗಳನ್ನು ಎತ್ತಿ ಮುದ್ದಾಡಿದ ಮೇಲೆ ದೂರು ಹೇಳಿ ನಾಣ್ಯ ಕೈಗಿಟ್ಟೆ. ಅಪ್ಪ ಭೂತಗನ್ನಡಿ ತೆಗೆದು ತುಂಬ ಹೊತ್ತು ನೋಡಿದರು. ಅವರ ಮೀಸೆ ಅಲುಗಿತು. ಆಮೇಲೆ ನಮ್ಮತ್ತೆಯ ಕಡೆ ತಿರುಗಿ, "ನಾನು ಅಂಚು ಮಾತ್ರ ಒರೆಗೆ ಹಚ್ಚಿದ್ದೆ ಬೀಗಿತ್ತಿಯವರೇ. ಸರಿಯಾಗಿ ಒರೆ ನೋಡಿದವರು ನೀವು" ಎಂದು ಕೈಮುಗಿದರು. ನನ್ನ ಪಕ್ಷಕ್ಕೆ ಇನ್ನಾರೂ ಉಳಿಯಲಿಲ್ಲ.

ಕೊನೆಗೆ ನಾನು ಸೋತದ್ದು ಹೇಗೆಂದರೆ, ಕೂಸು ಬೋರಲು ಬಿದ್ದು ತೆವಳುವ ಹೊತ್ತಿಗೆ ಅತ್ತೆ ತಲಕಾಡಿಗೆ ನೆಂಟರ ಮನೆಗೆ ಹೋಗಿದ್ದರು. ಮರಳಿನಲ್ಲಿ ಹೂತ ಗುಡಿಗಳನ್ನು ನೋಡಲು ಯಾರೋ ದೊರೆ, ದೊರೆಸಾನಿ ಬಂದು ಬಿಸಿಲಿಗೆ ಬಾಡಿ ನಿಂತಿದ್ದರಂತೆ. ಅತ್ತೆ ಮಜ್ಜಿಗೆ ಕೊಟ್ಟಿದ್ದಾರೆ. ಅವರು ಕೈಯಲ್ಲಿ ರೂಪಾಯಿ ಹಿಡಿದರೆ, ಬೇಡವೆಂದು ತಲೆಯಾಡಿಸಿ, ತಮ್ಮ ಮೂಗನ್ನು ಮುಟ್ಟಿ ಮುಟ್ಟಿ ತೋರಿಸಿದ್ದಾರೆ. ಮೂಗಿರುವ ನಾಣ್ಯ ಕೊಡಿ ಎಂದು! ಆ ಜನ ಏನು ತಿಳಿದರೋ ಶಿವನೇ ಬಲ್ಲ. ಕೊನೆಗೆ ಚೀಲವನ್ನೆಲ್ಲ ಸುರಿದಾಗ ಅತ್ತೆ ಒಂದನ್ನು ಆರಿಸಿಕೊಂಡು, ಅಂಚು ಮಾತ್ರ ಹಿಡಿದು, ಸೆರಗಿನಲ್ಲಿ ಸುತ್ತಿ ತಂದರು.

"ನೋಡವ್ವ, ಎಣ್ಣು ಎಂಗವ್ಳೆ! ಮೂಗು ಎಸಳಂಗದೆ. ತೊಳ್ದಿಲ್ಲ, ಉಜ್ಜಿಲ್ಲ. ನಿನ್ ರಾಜನ ಜಾಗಕ್ಕೆ ಇವ್ಳ ಕೂರಿಸ್ಕೊ."

ಫ್ರಾನ್ಸಿನ ನಾಣ್ಯ, ಹಳದಿಯಾಗಿ ಥಳಥಳ ಹೊಳೆಯುತ್ತಿತ್ತು. ಚಿನಿವಾರನ ಮಗಳಿಗೆ ಒರೆಗಲ್ಲು ಬೇಕೇ? ಅಂಗೈಗೆ ಬೀಳುತ್ತಲೇ ಗೊತ್ತಾಯಿತು, ಹಿತ್ತಾಳೆಯ ಜಾತಿ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಚಿನ್ನ ತಾನೆ?" ಎಂದರು. ನಾನು ಪೆಟ್ಟಿಗೆ ತೆಗೆದು, ಬಾವುಟದ ರಾಜನ ಗುಳಿಯಲ್ಲಿ ಅವಳನ್ನು ಕೂರಿಸಿ, "ಚಿನ್ನವೇ ಅತ್ತೆ" ಎಂದೆ. ಈಗಲೂ ಅವಳು ಅಲ್ಲಿಯೇ ಇದ್ದಾಳೆ, ರಾಣಿಗೂ ಜಡೆಯ ಹುಡುಗಿಗೂ ನಡುವೆ. ರಾಜ ಮಾತ್ರ ಪೆಟ್ಟಿಗೆ ಬಿಟ್ಟು ಬಜೆ, ಜಾಯಿಕಾಯಿಯ ಬುಟ್ಟಿಗೆ ಇಳಿದ.

ಎರಡನೆಯದು ಗಂಡು. ದಿನ ತುಂಬಿ, ನಂಜನಗೂಡಿನಲ್ಲೇ ಹುಟ್ಟಿತು. ಹುಟ್ಟುತ್ತಲೇ ಊರು ಕೇಳುವ ಹಾಗೆ ಅತ್ತಿತು. ಅತ್ತೆ ಗಾಡಿ ಕಟ್ಟಿಸಿಕೊಂಡು ಬಂದರು. ಬರುವಾಗ ಅಕ್ಕಸಾಲಿಗೆ ಹೇಳಿ ಅಪ್ಪಟ ಚಿನ್ನದ ಒಂದು ಗುಂಡು ಮಾಡಿಸಿಕೊಂಡೇ ಬಂದಿದ್ದರು. "ನಿನ್ ನಾಣ್ಯದ ತಂಟೆಗೆ ನಾ ಬರಾಕಿಲ್ಲ ಕಣವ್ವ, ಇದ್ನೇ ತೇಯ್ತೀನಿ" ಎಂದರು. ಅದನ್ನು ಕೇಳಿ ನನಗೆ ಏನಾಯಿತೋ, "ಅದೆಲ್ಲ ಆಗೋದಿಲ್ಲ, ರಾಜನೇ ಬೇಕು" ಎಂದು ಹಟ ಹಿಡಿದೆ. ಬುಟ್ಟಿಯನ್ನು ಜೊತೆಯಲ್ಲೇ ತಂದಿದ್ದೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನನ್ನು ಕೆಣಕಲೆಂದೇ, "ಯಾವ ಕಡೆ ತೇಯ್ಲವ್ವ? ಎಣ್ಣಿಗೆ ರಾಜ ಆಯ್ತು, ಗಂಡಿಗೆ ಸಿಂಹ ತೇಯ್ಲಾ? ಮುಖ ಒಸಿ ಉಳ್ಕೊತದೆ" ಎಂದರು.

ನ್ಯಾಯವಾಗಿ ನೋಡಿದರೆ ಸಿಂಹವನ್ನೇ ತೇಯಿಸಬೇಕಿತ್ತು. ರಾಜನ ಕಣ್ಣು, ಗಡ್ಡ ಇನ್ನೂ ಇದ್ದವು. ಆದರೆ ಬಾಗಿಲ ಹತ್ತಿರ ನನ್ನ ಮಗಳು ನಿಂತು, ತಮ್ಮನಿಗೆ ಏನು ಕೊಡುತ್ತಾರೆ ಎಂದು ಕತ್ತು ಚಾಚಿ ನೋಡುತ್ತಿದ್ದಳು. "ಅಕ್ಕ ನೆಕ್ಕಿದ ಕಡೆಯೇ ತಮ್ಮನೂ ನೆಕ್ಕಲಿ" ಎಂದೆ. ಕಣ್ಣು ಹೋಯಿತು. ಮೂರನೆಯ ಕೂಸಿಗೆ ಗಡ್ಡ ಹೋಯಿತು.

ಇನ್ನೊಂದು ಯುದ್ಧ ಬರುವ ಹೊತ್ತಿಗೆ ಆ ದೇಶವೇ ಭೂಪಟದಿಂದ ಅಳಿಸಿಹೋಯಿತೆಂದು ಪೇಪರಿನಲ್ಲಿ ಓದಿ, ಮೇಷ್ಟ್ರ ಪೆನ್ಸಿಲನ್ನು ನೆನೆದು ಒಂದು ಹೊತ್ತು ಊಟ ಬಿಟ್ಟೆ. ಯುದ್ಧ ಮುಗಿದ ಮೇಲೆ ಮತ್ತೆ ಬಂತಂತೆ. ಈಗ ಅತ್ತೆಯೂ ಇಲ್ಲ, ಅಪ್ಪನೂ ಇಲ್ಲ. ಅಂಗೈಯಗಲ ಇದ್ದ ಆ ಕೂಸು ಚೊಚ್ಚಲ ಹೆರಿಗೆಗೆ ನನ್ನ ಮನೆಗೆ ಬಂದಿದೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಮೇಲೆ ಕೂಗಾಡುತ್ತದೆ, ಗಂಟಲು ಒಂದು ಚೂರೂ ತಗ್ಗಿಲ್ಲ. ಮೊನ್ನೆ ಪೆಟ್ಟಿಗೆ ತೆಗೆದು, "ಅಮ್ಮ, ಈ ಜಡೆಯವಳು ಎಷ್ಟು ಹೊಸದಾಗಿದ್ದಾಳೆ! ಇವಳನ್ನೇ ತೇಯೋಣ" ಎಂದಳು. "ಮುಖ ಮುಟ್ಟಬೇಡ, ಅಂಚು ಹಿಡಿ! ಅವಳಲ್ಲಿ ತಾಮ್ರ ಇದೆ" ಎಂದು ಗದರಿದೆ.

ಸಾಣೆಕಲ್ಲು ತೊಳೆದಿಟ್ಟಿದ್ದೇನೆ. ಜೇನು ತಂದದ್ದಾಗಿದೆ. ಇವತ್ತು ಬುಟ್ಟಿಯಿಂದ ರಾಜನನ್ನು ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. ಮೂಗಿಲ್ಲ, ಕಣ್ಣಿಲ್ಲ, ಗಡ್ಡವಿಲ್ಲ. ಬಾವುಟ ಮಾತ್ರ ಇನ್ನೂ ಇದೆ. ಬರಲಿರುವ ಕೂಸಿಗೆ ಅಷ್ಟು ಸಾಕು.